ಮೊದಲ ಬುಟ್ಟಿ

ನನ್ನ ಗಂಡ ರಂಗಪ್ಪ ಕಲ್ಲುಗುಂಡಿನ ಕೆಳಗೆ ಸಿಕ್ಕಿ ಸತ್ತ ಎಂದು ಎಲ್ಲರೂ ಹೇಳುತ್ತಾರೆ. ಸುಳ್ಳು. ಕಲ್ಲಿಗೆ ಯಾರ ಮೇಲೆ ಏನು ಸಿಟ್ಟು? ಅವನು ಸತ್ತದ್ದು ಇಬ್ಬರು ದೊಡ್ಡ ಮನುಷ್ಯರ ಜಗಳದ ಕೆಳಗೆ ಸಿಕ್ಕಿ. ಅದನ್ನೇ ಮೊದಲು ಹೇಳುತ್ತೇನೆ. ಕೇಳುವವರು ಕೇಳಿ, ಕಿವಿ ನೋಯುವವರು ಎದ್ದು ಹೋಗಿ.

ನನ್ನ ಹೆಸರು ಬಂಗಾರಮ್ಮ. ಹೆಸರಿನಲ್ಲಿರುವ ಬಂಗಾರ ಮೈಮೇಲೆ ಎಂದೂ ಬಿದ್ದಿಲ್ಲ. ನಾವು ಶಿವಮೊಗ್ಗದ ರಾಗಿಗುಡ್ಡದ ಬುಡದ ಕಲ್ಲುಹಟ್ಟಿಯವರು. ಗಂಡಸರು ಬಂಡೆ ಸೀಳುತ್ತಾರೆ, ಹೆಂಗಸರು ಕೂತು ಜಲ್ಲಿ ಒಡೆಯುತ್ತೇವೆ. ಗಾಜನೂರಿನಲ್ಲಿ ತುಂಗೆಗೆ ಅಣೆಕಟ್ಟೆ ಎದ್ದಾಗ ಕಲ್ಲು ಹೊತ್ತವರಲ್ಲಿ ನಾವೂ ಇದ್ದೆವು. ನವುಲೆಯ ಕಡೆ ದೊಡ್ಡ ದೊಡ್ಡ ಕಟ್ಟಡಗಳಿಗೆ ತಳಪಾಯ ತುಂಬಿದೆವು. ಕಟ್ಟಡ ಎದ್ದ ಮೇಲೆ ಒಳಗೆ ಬರಬೇಡಿ ಅನ್ನಿಸಿಕೊಂಡವರೂ ನಾವೇ. ನನ್ನ ಅತ್ತೆ ಕಾಳಮ್ಮನ ಬಲಗಣ್ಣಿಗೆ ಜಲ್ಲಿ ಚೂರು ಸಿಡಿದು ಕಣ್ಣು ಹೋಯಿತು. ಮರುದಿನ ಎಡಗಣ್ಣು ಇಟ್ಟುಕೊಂಡು ಕೆಲಸಕ್ಕೆ ಬಂದಳು. ಬರದಿದ್ದರೆ ಒಲೆ ಉರಿಯುವುದು ಹೇಗೆ?

ಶಿವಮೊಗ್ಗದಿಂದ ಭದ್ರಾವತಿಗೆ ದೊಡ್ಡ ರಸ್ತೆ ಆಗುತ್ತದೆ ಎಂದು ಸುದ್ದಿ ಬಂತು. ಹಳೆಯ ರಸ್ತೆ ಇತ್ತು, ಆದರೆ ಮಳೆಗಾಲದಲ್ಲಿ ಲಾರಿಗಳು ಹೂತು ನಿಲ್ಲುತ್ತಿದ್ದವು. ಈಗ ಅಗಲ ಮಾಡಿ, ಡಾಂಬರು ಹಾಕಿ, ಹೈವೇ ಮಾಡುತ್ತಾರಂತೆ. ದುಡ್ಡು ಮಂಜೂರಾಯಿತಂತೆ. ಮಂಜೂರಾದ ಮರುದಿನವೇ ಜಗಳ ಶುರುವಾಯಿತು.

ಶಿವಮೊಗ್ಗದಲ್ಲಿ ಏಕಾಂತಪ್ಪನವರು. ಅಡಿಕೆ ಮಂಡಿ ಸಾಹುಕಾರರು, ಊರಿನ ಮುಖಂಡರು. ದುಡ್ಡು ದಿಲ್ಲಿಯಿಂದ ಬಂದದ್ದು, ತಂದವನು ನಾನು ಎಂದರು. ಭದ್ರಾವತಿಯಲ್ಲಿ ಪರಮೇಶ್ವರಪ್ಪನವರು. ಬಸ್ಸುಗಳ ಧಣಿ, ಅವರೂ ಮುಖಂಡರು. ದುಡ್ಡು ದಿಲ್ಲಿಯದ್ದಲ್ಲ, ಬೆಂಗಳೂರಿನದು, ತಂದವನು ನಾನು ಎಂದರು. ಚುನಾವಣೆ ಹತ್ತಿರ ಬರುತ್ತಿತ್ತು. ಒಬ್ಬರು ಗಾಂಧಿ ಬಜಾರಿನಲ್ಲಿ ಸಭೆ ಮಾಡಿದರೆ ಇನ್ನೊಬ್ಬರು ಭದ್ರಾವತಿಯ ಸಂತೆ ಮಾಳದಲ್ಲಿ ಮಾಡುತ್ತಿದ್ದರು. ಎರಡು ಸಭೆಗೂ ಜನ ತುಂಬಿಸಲು ನಮ್ಮನ್ನೇ ಲಾರಿಯಲ್ಲಿ ಕುರಿ ತುಂಬಿದ ಹಾಗೆ ತುಂಬಿಕೊಂಡು ಹೋಗುತ್ತಿದ್ದರು. ಇಲ್ಲಿ ಇವರಿಗೆ ಜೈ ಅನ್ನು, ಅಲ್ಲಿ ಅವರಿಗೆ ಜೈ ಅನ್ನು.

ಏಕಾಂತಪ್ಪನವರು ಮೈಕಿನಲ್ಲಿ ಕೂಗಿದರು. "ಈ ರಸ್ತೆ ನನ್ನ ಮಗು. ದಿಲ್ಲಿಯ ಬಾಗಿಲು ಬಾಗಿಲು ಅಲೆದು ಹೆತ್ತಿದ್ದೀನಿ."

ಮುಂದಿನ ವಾರ ಪರಮೇಶ್ವರಪ್ಪನವರು ಕೂಗಿದರು. "ಹೆತ್ತವನು ನಾನು. ಅವರು ತೊಟ್ಟಿಲು ತೂಗೋಕೆ ಬಂದಿದ್ದಾರೆ ಅಷ್ಟೇ."

ನನ್ನ ಪಕ್ಕ ಕೂತಿದ್ದ ನಂಜಮ್ಮ, ನನ್ನ ಜೊತೆಯೇ ಜಲ್ಲಿ ಒಡೆಯುವವಳು, ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. "ಇಬ್ರು ಗಂಡಸ್ರು ಸೇರ್ಕೊಂಡು ಒಂದು ಮಗು ಹೆತ್ತವ್ರೆ ಕಣೇ. ಬಾಣಂತನ ಯಾರು ಮಾಡ್ತಾರಂತೆ?"

ಬಾಣಂತನ ನಾವೇ ಮಾಡಿದೆವು. ಬೇಸಿಗೆಯೆಲ್ಲ ಕೆಲಸ ನಿಲ್ಲಿಸಿ ಜಗಳವಾಡಿದರು. ಯಾರ ದುಡ್ಡು ಎಂದು ತೀರ್ಮಾನ ಆಗುವವರೆಗೆ ಸುತ್ತಿಗೆ ಮುಟ್ಟಬೇಡಿ ಎಂದರು. ನಾವು ಒಡೆದ ಜಲ್ಲಿಯ ರಾಶಿಗಳ ಮೇಲೆ ಮಳೆ ಬಿದ್ದು ಹುಲ್ಲು ಬೆಳೆಯಿತು. ಹಟ್ಟಿಯಲ್ಲಿ ಗೆಣಸು ಬೇಯಿಸಿ ತಿಂದೆವು. ಕೊನೆಗೆ ಮೇಲಿನವರಿಗೂ ಸಾಕಾಗಿ ರಸ್ತೆಯನ್ನು ಎರಡು ತುಂಡು ಮಾಡಿದರು. ನಿದಿಗೆ ದಾಟಿದ ಮೇಲೆ ಒಂದು ಏರು ಬರುತ್ತದೆ. ಅದರ ನೆತ್ತಿಗೆ ಸ್ವಲ್ಪ ಈಚೆ ಒಂದು ಗಡಿಕಲ್ಲು ನೆಟ್ಟರು. ಕಲ್ಲಿನಿಂದ ಈಚೆಗೆ ಏಕಾಂತಪ್ಪನವರ ಕಡೆಯ ಕೆಲಸ, ದಿಲ್ಲಿ ದುಡ್ಡು. ಕಲ್ಲಿನಿಂದ ಆಚೆಗೆ ಪರಮೇಶ್ವರಪ್ಪನವರ ಕಡೆಯ ಕೆಲಸ, ಬೆಂಗಳೂರು ದುಡ್ಡು. ಆ ಗಡಿಕಲ್ಲು ಕಡಿದವನೂ ನನ್ನ ಗಂಡನೇ.

ಈಚೆ ಕಡೆ ಮೇಸ್ತ್ರಿ ವೀರಪ್ಪ. ಆಚೆ ಕಡೆ ಮೇಸ್ತ್ರಿ ಶಿವಶಂಕರಪ್ಪ. ಇಬ್ಬರಿಗೂ ಅವರವರ ಧಣಿಗಳ ಬುದ್ಧಿಯೇ ಬಂದಿತ್ತು. ಎರಡೂ ಕಡೆ ಜಲ್ಲಿ ತುಳಿಯುವ ಇಂಜಿನ್ ಇತ್ತು. ಆದರೆ ಇಂಜಿನ್ ಓಡಿಸುವವರಿಗೆ ಹೇಳಿಬಿಟ್ಟಿದ್ದರು, ಒಂದು ಚಕ್ರ ಕಲ್ಲು ದಾಟಿದರೂ ಕೆಲಸದಿಂದ ತೆಗೆಯುತ್ತೇವೆ ಎಂದು. ದಿಲ್ಲಿ ದುಡ್ಡಿನ ಇಂಜಿನ್ ಬೆಂಗಳೂರು ದುಡ್ಡಿನ ರಸ್ತೆ ತುಳಿದರೆ ಮೈಲಿಗೆ. ಹಾಗಾಗಿ ಎರಡು ಇಂಜಿನ್ನುಗಳೂ ಕಲ್ಲಿಗೆ ದೂರದಲ್ಲೇ ನಿಂತುಬಿಟ್ಟವು. ನಡುವೆ ಒಂದು ಗಾಡಿ ಉದ್ದದ ಜಾಗ ಹಾಗೇ ಉಳಿಯಿತು. ಬರೀ ಮಣ್ಣು, ಮೇಲೆ ಸಡಿಲ ಜಲ್ಲಿ.

ದೊಡ್ಡ ಮಂತ್ರಿಗಳು ಬಂದು ರಸ್ತೆ ಉದ್ಘಾಟನೆ ಮಾಡುತ್ತಾರೆ ಎಂದು ಗೊತ್ತಾದಾಗ ಆ ಜಾಗ ಎಲ್ಲರ ಕಣ್ಣಿಗೆ ಬಿತ್ತು. ಇಂಜಿನ್ ಕೊಡಲು ಇಬ್ಬರೂ ಒಪ್ಪಲಿಲ್ಲ. ಶಿವಶಂಕರಪ್ಪ ಎಲ್ಲಿಂದಲೋ ಹಳೆಯ ಕಲ್ಲುಗುಂಡು ಉರುಳಿಸಿಕೊಂಡು ಬಂದ. ಕಣದಲ್ಲಿ ತೆನೆ ತುಳಿಸುವ ರೋಣಗಲ್ಲಿನ ಜಾತಿಯದೇ, ಆದರೆ ಆಳೆತ್ತರ. ವೀರಪ್ಪ ನಮ್ಮನ್ನು ತಂದ. ಗುಂಡು ಅವರದು, ಎಳೆಯುವ ಮೈ ಇವರದು. ಅಷ್ಟರ ಮಟ್ಟಿಗೆ ರಾಜಿ ಆಗಿತ್ತು.

ಗುಂಡಿಗೆ ಎರಡು ಹಗ್ಗ. ಹಗ್ಗಕ್ಕೆ ನಾವು. ಹೆಣ್ಣು ಗಂಡು ಎನ್ನದೆ ಎತ್ತು ನಿಲ್ಲುವ ಜಾಗದಲ್ಲಿ ನಿಂತೆವು. ಹೆಗಲ ಚರ್ಮ ಸುಲಿಯುತ್ತದೆ ಎಂದು ಗೋಣಿ ಮಡಿಸಿ ಇಟ್ಟುಕೊಂಡಿದ್ದೆವು. ಏರಿನಲ್ಲಿ ಗುಂಡು ಹಿಂದಕ್ಕೆ ಬಾರದಂತೆ ಹಿಂದಿನಿಂದ ಒಬ್ಬ ಅಡ್ಡಗಲ್ಲು ಕೊಡುತ್ತಾ ಬರಬೇಕು. ನಾವು ಒಂದು ಗೇಣು ಎಳೆದರೆ ಅವನು ಕಲ್ಲನ್ನು ಒಂದು ಗೇಣು ಮುಂದೆ ಒತ್ತಬೇಕು. ಅದು ರಂಗಪ್ಪನ ಕೆಲಸ. ಅವನ ಕೈ ಚುರುಕು. ನಮ್ಮ ಹಿರೀಕ ಹಿರಿಯಣ್ಣ, ನಾನು ಮಾವ ಎಂದು ಕರೆಯುವವರು, ಹಗ್ಗದ ತಲೆ ಹಿಡಿದಿದ್ದರು.

ಗುಂಡು ಗಡಿಕಲ್ಲನ್ನು ಸ್ವಲ್ಪ ದಾಟಿತು. ಆಚೆಯಿಂದ ಶಿವಶಂಕರಪ್ಪ ಕೂಗಿದ. "ನಿಲ್ರೋ, ನಿಲ್ರೋ. ಇದು ನಮ್ಮ ಹದ್ದು. ಯಾರನ್ನ ಕೇಳಿ ದಾಟಿದ್ರಿ?"

ಹಿಂದಿನಿಂದ ವೀರಪ್ಪ ಕೂಗಿದ. "ಎಳೀರೋ. ಯಾವನಿಗೆ ಹೆದರ್ತೀರಿ? ಎಳೀರಿ."

ಮುಂದಿನವರು ನಿಂತರು. ಹಿಂದಿನವರು ಎಳೆದರು. ಒಬ್ಬರ ಮೇಲೊಬ್ಬರು ಬಿದ್ದೆವು. ಹಗ್ಗ ಸಡಿಲವಾಯಿತು. ರಂಗಪ್ಪ ಆಗಷ್ಟೇ ಅಡ್ಡಗಲ್ಲು ಎತ್ತಿ ಮುಂದೆ ಇಡಲು ಬಗ್ಗಿದ್ದ.

ಅವನು ಕೂಗಲಿಲ್ಲ. ಗುಂಡು ಓರೆಯಾಗಿ ಕೆಳಗೆ ಉರುಳಿ ನಿಂತ ಮೇಲೆ ನಾನು ತಿರುಗಿ ನೋಡಿದೆ. ಸೊಂಟದ ಕೆಳಗೆ ನೋಡುವ ಹಾಗಿರಲಿಲ್ಲ. ಗಡಿಕಲ್ಲಿನ ಪಕ್ಕದಲ್ಲೇ ಬಿದ್ದಿದ್ದ, ತಲೆ ಶಿವಮೊಗ್ಗದ ಕಡೆ, ಕಾಲು ಭದ್ರಾವತಿಯ ಕಡೆ. ಕಣ್ಣು ಬಿಟ್ಟೇ ಇದ್ದ.

"ಬಂಗಾರೀ, ಹಗ್ಗ ಬಿಟ್ಟೋರು ಯಾರೇ?" ಎಂದ.

"ಯಾರೂ ಬಿಟ್ಟಿಲ್ಲ ಮಾರಾಯ. ನಿಲ್ಲಿ ಅಂದ್ರು, ನಿಂತ್ವಿ. ಎಳೀರಿ ಅಂದ್ರು, ಎಳದ್ವಿ."

ಎರಡು ಲಾರಿ ನಿಂತಿದ್ದವು. ಈಚೆಗೊಂದು, ಆಚೆಗೊಂದು. ನಾನು ವೀರಪ್ಪನ ಕಾಲು ಹಿಡಿದೆ. "ಲಾರಿ ಕೊಡಿ ಮೇಸ್ತ್ರಿ. ಜೀವ ಐತೆ ಇನ್ನೂ."

ವೀರಪ್ಪ ಕಾಲು ಹಿಂದಕ್ಕೆ ಎಳೆದುಕೊಂಡ. "ಗುಂಡು ಯಾರದು? ಅವರದು. ಅವರ ಲಾರಿ ಕೇಳು."

ಆಚೆಗೆ ಓಡಿದೆ. ಶಿವಶಂಕರಪ್ಪ ಲಾರಿಯ ಬಾಗಿಲಿಗೆ ಅಡ್ಡ ನಿಂತಿದ್ದ. "ಹಾಜರಿ ಯಾರ ಕಡೆ? ಶಿವಮೊಗ್ಗದೋರ ಕಡೆ. ನಮ್ಮ ಲಾರಿ ಹತ್ತಿಸ್ಕೊಂಡು ಭದ್ರಾವತಿ ಆಸ್ಪತ್ರೆಗೆ ಹೋದ್ರೆ ನಾಳೆ ಕೇಸು ನಮ್ಮ ಯಜಮಾನ್ರ ತಲೆಗೆ ಬರುತ್ತೆ. ನಂಗ್ಯಾಕಮ್ಮ ಉಸಾಬರಿ?"

ಮತ್ತೆ ಈಚೆಗೆ ಬಂದೆ. ಮತ್ತೆ ಆಚೆಗೆ ಹೋದೆ. ನನ್ನ ಗಂಡನ ರಕ್ತದ ಮೇಲೆ ತುಳಿದುಕೊಂಡೇ ಓಡಾಡಿದೆ. ಆ ಲಾರಿಗಳಲ್ಲಿ ನಾನು ಒಡೆದ ಜಲ್ಲಿ ತುಂಬಿತ್ತು. ಜಲ್ಲಿಗೆ ಜಾಗ ಇತ್ತು.

ಹಿರಿಯಣ್ಣ ಮಾವ ಏಣಿ ತಂದರು. ಏಣಿಯ ಮೇಲೆ ಗೋಣಿ ಹಾಸಿ ಅವನನ್ನು ಮಲಗಿಸಿ ಶಿವಮೊಗ್ಗದ ಕಡೆ ಹೊತ್ತೆವು. ಬಿಸಿಲು ನೆತ್ತಿಗೆ ಬಂದಿತ್ತು. ಹೊಸ ಡಾಂಬರು ಕಾಲಿಗೆ ಅಂಟುತ್ತಿತ್ತು. ಅವನು ನೀರು ನೀರು ಅಂದ. ನಿದಿಗೆಯ ಹತ್ತಿರ ಚಾ ಅಂಗಡಿ. ಒಂದು ಲೋಟ ನೀರು ಕೇಳಿದೆ. ಅಂಗಡಿಯವನು ನಮ್ಮನ್ನು ಮೇಲಿಂದ ಕೆಳಗೆ ನೋಡಿದ. "ಲೋಟ ಕೊಡಕ್ಕಾಗಲ್ಲ. ಬೊಗಸೆ ಒಡ್ಡು, ಹುಯ್ತೀನಿ" ಎಂದ. ಒಡ್ಡಿದೆ. ನನ್ನ ಬೊಗಸೆಯ ತುಂಬ ರಂಗಪ್ಪನ ರಕ್ತವೇ ಇತ್ತು. ನೀರು ಕೆಂಪಾಯಿತು. ಅದನ್ನೇ ಅವನ ಬಾಯಿಗೆ ಬಿಟ್ಟೆ. ಎರಡು ಗುಟುಕು ಕುಡಿದ. ನಿದಿಗೆ ಕೆರೆಯ ಏರಿ ದಾಟುವಷ್ಟರಲ್ಲಿ ಏಣಿ ಭಾರವಾಯಿತು. ಹೊತ್ತವರಿಗೆ ಅದು ಹೇಳದೆಯೇ ತಿಳಿಯುತ್ತದೆ.

ನಮ್ಮ ಹಟ್ಟಿಯಲ್ಲಿ ಒಂದು ಕಟ್ಟಳೆ ಇದೆ. ಕೆಲಸದಲ್ಲಿ ಯಾರಾದರೂ ಸತ್ತರೆ, ಆ ಜಾಗದಲ್ಲಿ ಮತ್ತೆ ಕೆಲಸ ಶುರುವಾಗಬೇಕಾದರೆ ಮೊದಲ ಬುಟ್ಟಿಯನ್ನು ಸತ್ತವನ ಮನೆಯವರೇ ಸುರಿಯಬೇಕು. ಅದಕ್ಕೂ ಮೊದಲು ಕೆಲಸ ಮಾಡಿಸುವ ಧಣಿ ಅಲ್ಲಿಗೆ ಬಂದು, ಎಲ್ಲರೆದುರು ನಿಂತು, ಸತ್ತವನ ಹೆಸರು ಹಿಡಿದು, ಇವನು ನನ್ನ ಕೆಲಸದಲ್ಲಿ ಸತ್ತ ಅನ್ನಬೇಕು. ಅಷ್ಟೇ. ಆಮೇಲೆ ಮನೆಯವರು ಬುಟ್ಟಿ ಸುರಿಯುತ್ತಾರೆ, ಕೆಲಸ ನಡೆಯುತ್ತದೆ. ಧಣಿ ಆ ಮಾತು ಅನ್ನದಿದ್ದರೆ ಮನೆಯವರು ಅಲ್ಲಿ ಬುಟ್ಟಿ ಬೋರಲು ಹಾಕುತ್ತಾರೆ. ಬೋರಲು ಬುಟ್ಟಿ ಕಂಡ ಜಾಗದಲ್ಲಿ ನಮ್ಮವರು ಯಾರೂ ಕೈ ಇಡುವುದಿಲ್ಲ. ಹಿಂದೆ ಒಂದು ಸೇತುವೆ ಕೆಲಸದಲ್ಲಿ ಹಿರಿಯಣ್ಣ ಮಾವನ ತಮ್ಮ ಬಿದ್ದು ಸತ್ತಿದ್ದ. ಆ ಕಂತ್ರಾಟುದಾರ ಏನು ದೇವರಾಗಿರಲಿಲ್ಲ, ಕೂಲಿ ಮುರಿಯುತ್ತಿದ್ದ ಕಳ್ಳ. ಆದರೂ ಬಂದು, ರುಮಾಲು ತೆಗೆದು, ಆ ಮಾತು ಅಂದ.

ರಂಗಪ್ಪನನ್ನು ಮಣ್ಣು ಮಾಡಿ ಬಂದ ಮೇಲೆ ವೀರಪ್ಪ ಹಟ್ಟಿಗೆ ಬಂದ. "ಆಗಿದ್ದು ಆಗೋಯ್ತು. ನಾಳೆಯಿಂದ ಆ ಜಾಗ ಮುಗಿಸ್ಬೇಕು. ಬನ್ನಿ" ಎಂದ.

"ಸಾವ್ಕಾರ್ರು ಬರ್ಲಿ. ಮಾತು ಅನ್ಲಿ. ನಾನು ಬುಟ್ಟಿ ಸುರೀತೀನಿ" ಎಂದೆ.

ಅವನು ನಕ್ಕ. ಆಮೇಲೆ ನಮ್ಮ ಯಾರ ಮುಖದಲ್ಲೂ ನಗು ಇಲ್ಲದ್ದನ್ನು ನೋಡಿ ನಗು ನಿಲ್ಲಿಸಿದ.

ಏಕಾಂತಪ್ಪನವರು ಬರಲಿಲ್ಲ, ನನ್ನನ್ನೇ ಮಂಡಿಗೆ ಕರೆಸಿದರು. ಅಂಗಳದಲ್ಲಿ ಅಡಿಕೆ ಮೂಟೆಗಳ ಪಕ್ಕ ನಿಂತೆ. ಮೂಟೆಗೆ ತಾಗಬೇಡ ಎಂದು ಆಳು ಹೇಳಿದ. ಸಾಹುಕಾರರು ಗಾದಿಯ ಮೇಲೆ ಕೂತು ಬಹಳ ಮೆತ್ತಗೆ ಮಾತಾಡಿದರು.

"ನೋಡಮ್ಮ, ನಿನ್ನ ಸಂಕಟ ನಂಗೆ ಗೊತ್ತಾಗುತ್ತೆ. ಆದ್ರೆ ನಾನು ಆ ಮಾತು ಅಂದ್ರೆ ಏನಾಗುತ್ತೆ? ಭದ್ರಾವತಿ ಕಡೆ ಗುಂಡು ನಿನ್ನ ಕೆಲಸಕ್ಕೆ ಯಾಕೆ ಬಂತು ಅಂತ ದಿಲ್ಲೀಲಿ ಕೇಳ್ತಾರೆ. ಅವರ ಕಡೆಯೋರು ಪೇಪರಿಗೆ ಹಾಕಿಸ್ತಾರೆ. ಬಂದ ದುಡ್ಡು ವಾಪಸ್ ಹೋಗುತ್ತೆ."

"ಒಂದು ಮಾತಿಗೆ ವಾಪಸ್ ಹೋಗೋದಾದ್ರೆ ಅದು ಎಂಥ ದುಡ್ಡು ಸಾವ್ಕಾರ್ರೇ?"

"ಪೊಲೀಸಿನೋರು ಕೇಳಿದ್ರೆ ಕಲ್ಲಿನ ಆ ಕಡೆ ಬಿದ್ದ ಅನ್ನು. ಮುಗೀತು. ಮಂಡಿ ಅಂಗಳ ಗುಡಿಸೋ ಕೆಲಸ ಕೊಡ್ತೀನಿ. ಬಿಸಿಲಲ್ಲಿ ಕಲ್ಲು ಒಡೆಯೋದು ತಪ್ಪುತ್ತೆ."

"ಅವನು ರಸ್ತೇಲಿ ಬಿದ್ದ ಸಾವ್ಕಾರ್ರೇ. ಆ ಕಡೆ ಈ ಕಡೆ ನೀವು ಮಾಡ್ಕೊಂಡಿದ್ದು."

ಅವರ ಮೆತ್ತಗಿನ ದನಿ ಅಲ್ಲಿಗೆ ಮುಗಿಯಿತು. ಎದ್ದು ಒಳಗೆ ಹೋದರು. ನಾನು ನಿಂತ ಜಾಗಕ್ಕೆ ಆಳು ನೀರು ಚಿಮುಕಿಸಿದ. ಬಾಗಿಲು ದಾಟುವಾಗ ತಿರುಗಿ ನೋಡಿದೆ, ಅದಕ್ಕೇ ಗೊತ್ತು.

ಆ ವಾರವೇ ಪರಮೇಶ್ವರಪ್ಪನವರ ಜೀಪು ನಮ್ಮ ಹಟ್ಟಿಗೆ ಬಂತು. ಅವರು ಕೆಳಗಿಳಿಯಲಿಲ್ಲ. ಜೀಪಿನಿಂದಲೇ ಹೇಳಿದರು. "ಅವನು ಶಿವಮೊಗ್ಗದೋರ ಹಾಜರಿ ಆಳು, ಕಲ್ಲಿನ ಈ ಕಡೆ ಸತ್ತ ಅಂತ ಗಟ್ಟಿಯಾಗಿ ಹೇಳಿ. ನಿಮ್ಮ ಹಟ್ಟಿಗೆಲ್ಲ ಭದ್ರಾವತೀಲಿ ಕೆಲಸ ಕೊಡಿಸೋದು ನನ್ನ ಜವಾಬ್ದಾರಿ."

ಅತ್ತೆ ಕಾಳಮ್ಮ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. "ಕೆಳಗಿಳಿದು ಮಾತಾಡಪ್ಪ. ನಂಗಿರೋದು ಒಂದು ಕಣ್ಣು. ಅಷ್ಟು ಎತ್ತರ ಕಾಣಲ್ಲ" ಎಂದಳು.

ಜೀಪು ಹಿಂದಕ್ಕೆ ತಿರುಗಿ ದೂಳೆಬ್ಬಿಸಿಕೊಂಡು ಹೋಯಿತು. ಇಬ್ಬರಿಗೂ ಬೇಕಾದದ್ದು ಒಂದೇ ಸುಳ್ಳು. ಒಬ್ಬರು ಅದನ್ನು ಕಲ್ಲಿನ ಆಚೆ ಇಡು ಅಂದರು, ಇನ್ನೊಬ್ಬರು ಈಚೆ ಇಡು ಅಂದರು. ಸತ್ತವನ ಹೆಸರು ಏನೆಂದು ಇಬ್ಬರೂ ಕೇಳಲಿಲ್ಲ.

ಹಟ್ಟಿಗೆ ಕೆಲಸ ನಿಂತಿತು. ರಸ್ತೆ ಕೆಲಸಕ್ಕೂ ಕರೆಯಲಿಲ್ಲ, ಬೇರೆ ಕೆಲಸಕ್ಕೂ ಕರೆಯಲಿಲ್ಲ. ಇಂಥ ವಿಷಯದಲ್ಲಿ ದೊಡ್ಡವರು ಬೇಗ ಒಂದಾಗುತ್ತಾರೆ. ಒಂದು ಸಂಜೆ ಹಿರಿಯಣ್ಣ ಮಾವ ಬಂದು ನಮ್ಮ ಬಾಗಿಲಲ್ಲಿ ಕೂತರು. ಬೀಡಿ ಹಚ್ಚಿದರು, ಸೇದಲಿಲ್ಲ.

"ತಾಯೀ, ಒಂದು ಬುಟ್ಟಿ ಹಾಕಿಬಿಡು. ಹಟ್ಟೀಲಿ ಹಸಿವು ನೋಡಕ್ಕಾಗ್ತಿಲ್ಲ. ಸತ್ತೋನು ವಾಪಸ್ ಬರಲ್ಲ."

ನನಗೆ ಮೈ ಉರಿಯಿತು. "ಮಾವ, ನಿಮ್ಮ ತಮ್ಮ ಸತ್ತಾಗ ಆ ಕಳ್ಳ ಕಂತ್ರಾಟುದಾರ ಬಂದು ಅಂದ. ಅವನು ಅನ್ನದೇ ಇದ್ದಿದ್ರೆ ನೀವು ಸುರೀತಿದ್ರಾ?"

ಅವರು ಬೀಡಿ ಬೆರಳು ಸುಡುವವರೆಗೆ ಕೂತಿದ್ದು ಎದ್ದು ಹೋದರು. ಅವರ ಮೇಲೆ ಸಿಟ್ಟು ಮಾಡಿದ್ದಕ್ಕೆ ನನಗೆ ಅಳು ಬಂತು. ಸಿಟ್ಟು ಮಾಡಬೇಕಾದವರು ಗಾದಿಯ ಮೇಲಿದ್ದರು.

ಮಂತ್ರಿ ಬರುವ ದಿನ ಹತ್ತಿರವಾಯಿತು. ಶಿವಶಂಕರಪ್ಪ ಭದ್ರಾವತಿಯ ಕಾರ್ಖಾನೆ ಕಡೆಯಿಂದ ತಮಿಳು ಕೂಲಿಯವರನ್ನು ಲಾರಿಯಲ್ಲಿ ತಂದ. ರಂಗಪ್ಪನ ರಕ್ತದ ಕಲೆ ಇನ್ನೂ ಹೋಗಿರಲಿಲ್ಲ, ಜಲ್ಲಿಯ ಮೇಲೆ ಕಪ್ಪಗೆ ಒಣಗಿತ್ತು. ಒಬ್ಬಳು ವಯಸ್ಸಾದ ಹೆಂಗಸು ಬುಟ್ಟಿ ಎತ್ತಿದವಳು ಅದನ್ನು ನೋಡಿ ಇಳಿಸಿದಳಂತೆ. "ಇಲ್ಲಿ ಯಾರು ಸತ್ತದ್ದು?" ಎಂದು ಕೇಳಿದಳು. ಶಿವಶಂಕರಪ್ಪ ಯಾರೂ ಇಲ್ಲ, ಹಾಕು ಎಂದನಂತೆ. ಅವಳು "ನಾನ್ ಪೋಡಮಾಟ್ಟೇನ್ ಸಾಮಿ", ನಾನು ಹಾಕಲ್ಲ ಸ್ವಾಮಿ, ಎಂದು ಹೋಗಿ ಮರದ ಕೆಳಗೆ ಕೂತಳಂತೆ. ಅವಳ ಹಿಂದೆ ಮಿಕ್ಕವರೂ ಕೂತರು. ನಮ್ಮ ಕಟ್ಟಳೆ ಅವರಿಗೆ ಗೊತ್ತಿರಲಿಲ್ಲ. ರಕ್ತ ಗೊತ್ತಿತ್ತು.

ಮಂತ್ರಿ ಬರುವ ದಿನ ಬೆಳಗಾಗುತ್ತಲೇ ವೀರಪ್ಪ ಓಡಿ ಬಂದ. "ಬಂಗಾರಮ್ಮ, ಬಾರೇ ಮಾರಾಯ್ತಿ. ಸಾವ್ಕಾರ್ರು ಒಪ್ಕೊಂಡ್ರು. ಎಲ್ಲರೆದುರು ಅಂತಾರೆ. ಬುಟ್ಟಿ ತಗೊಂಡು ಬಾ."

ನಾನು ನಂಬಿದೆ. ನಂಬದೆ ಏನು ಮಾಡಲಿ, ಅದೇ ಒಂದು ಮಾತಿಗೆ ಕಾದು ಕೂತಿದ್ದೆ. ಒಳ್ಳೆಯ ಜಲ್ಲಿ ಆರಿಸಿ ಬುಟ್ಟಿ ತುಂಬಿದೆ. ಅತ್ತೆ ತಲೆ ಬಾಚಿಕೊಂಡಳು. ಇಡೀ ಹಟ್ಟಿ ಬುಟ್ಟಿ ಸಮೇತ ಹೊರಟಿತು, ಮೊದಲ ಬುಟ್ಟಿ ಬಿದ್ದ ಮೇಲೆ ಮಿಕ್ಕವರು ಸುರಿಯಬೇಕಲ್ಲ.

ಗಡಿಕಲ್ಲಿನ ಹತ್ತಿರ ಚಪ್ಪರ, ತೋರಣ, ಮೈಕು. ಆ ಜಾಗದ ಮೇಲೆ ಹಲಗೆ ಹಾಸಿ, ಹಲಗೆಯ ಮೇಲೆ ಕೆಂಪು ಜಮಖಾನ ಹಾಸಿದ್ದರು. ಒಂದು ತುದಿಯಲ್ಲಿ ಮಾತ್ರ ಜಮಖಾನ ಮಡಿಸಿ, ನಾನು ಬುಟ್ಟಿ ಸುರಿಯಲು ಒಂದು ಮೊಳ ಬಿಟ್ಟಿದ್ದರು. ನನ್ನ ಬುಟ್ಟಿಗೆ ಯಾರೋ ಚೆಂಡುಹೂವಿನ ಹಾರ ಸುತ್ತಿದರು. ಚಪ್ಪರದಲ್ಲಿ ಮಂತ್ರಿಯ ಆಚೆ ಈಚೆ ಆ ಇಬ್ಬರು. ಒಂದೇ ವೇದಿಕೆಯ ಮೇಲೆ ಅವರನ್ನು ನಾನು ನೋಡಿದ್ದು ಅದೇ ಮೊದಲು.

ಏಕಾಂತಪ್ಪನವರು ಮೈಕು ಹಿಡಿದರು. ದಿಲ್ಲಿ ಅಂದರು, ಮಗು ಅಂದರು, ಹೆತ್ತೆ ಅಂದರು. ನಾನು ರಂಗಪ್ಪ ಎಂಬ ಹೆಸರಿಗೆ ಕಾದೆ. ಬರಲಿಲ್ಲ. ಪರಮೇಶ್ವರಪ್ಪನವರು ಮೈಕು ಕಿತ್ತುಕೊಂಡ ಹಾಗೆ ಹಿಡಿದರು. ಬೆಂಗಳೂರು ಅಂದರು, ತೊಟ್ಟಿಲು ಅಂದರು. ಬರಲಿಲ್ಲ.

"ಈಗ ಸುರಿ" ಎಂದು ವೀರಪ್ಪ ಬೆನ್ನಿಗೆ ತಿವಿದ.

"ಮಾತು?"

"ಯಾವ ಮಾತು? ಕೊನೇ ಬುಟ್ಟಿ ಕೂಲಿ ಹೆಂಗಸಿನ ಕೈಲಿ ಹಾಕಿಸ್ತಾರೆ ಅಂತ ಫೋಟೋದವನು ಕಾಯ್ತಿದಾನೆ. ಸುರಿ ಬೇಗ."

ಕೊನೆ ಬುಟ್ಟಿಯಂತೆ. ತಲೆಯ ಮೇಲಿನ ಬುಟ್ಟಿ ಹೊತ್ತುಕೊಂಡೇ ಚಪ್ಪರದ ಮುಂದೆ ಹೋಗಿ ನಿಂತೆ. ನನಗೆ ಮೈಕು ಬೇಡ. ಗುಡ್ಡದ ಈ ಮಗ್ಗುಲಿನಿಂದ ಆ ಮಗ್ಗುಲಿಗೆ ಕೂಗಿ ಬೆಳೆದ ಗಂಟಲು.

"ಸಾವ್ಕಾರ್ರೇ, ಈ ರಸ್ತೆ ನಿಮ್ಮ ಮಗು ಅಂದ್ರಿ. ಯಜಮಾನ್ರೇ, ನೀವೂ ನನ್ನ ಮಗು ಅಂದ್ರಿ. ಇದರ ಕೆಳಗೆ ನನ್ನ ಗಂಡ ರಂಗಪ್ಪ ಸತ್ತ. ಅವನು ಯಾರ ಕೆಲಸದಲ್ಲಿ ಸತ್ತ, ಹೇಳಿ. ಇಬ್ಬರಲ್ಲಿ ಒಬ್ಬರು ಹೇಳಿ. ಇಬ್ಬರೂ ಹೇಳಿದ್ರೂ ಸರಿ. ಹೇಳಿದ ಕೂಡ್ಲೇ ಸುರೀತೀನಿ."

ಮಂತ್ರಿಗಳು ಬಗ್ಗಿ ಕೇಳಿದರು. "ಏನು ಈಯಮ್ಮ ಹೇಳ್ತಿರೋದು?"

ಆ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ತಲೆ ಸರಿಯಿಲ್ಲ ಸ್ವಾಮಿ" ಎಂದರು ಏಕಾಂತಪ್ಪನವರು.

"ಹೌದು ಸ್ವಾಮಿ. ಪಾಪ, ಹುಚ್ಚಿ" ಎಂದರು ಪರಮೇಶ್ವರಪ್ಪನವರು.

ದುಡ್ಡಿನಲ್ಲಿ ಒಂದಾಗಲಿಲ್ಲ. ಇಂಜಿನ್ನಿನಲ್ಲಿ ಒಂದಾಗಲಿಲ್ಲ. ಸಾಯುತ್ತಿದ್ದವನಿಗೆ ಲಾರಿ ಕೊಡುವುದರಲ್ಲಿ ಒಂದಾಗಲಿಲ್ಲ. ನಾನು ಹುಚ್ಚಿ ಅನ್ನುವುದರಲ್ಲಿ ಒಂದಾದರು.

"ಒಂದು ಮಾತಿಗಾದ್ರೂ ಒಂದಾದ್ರಲ್ಲ, ಸಂತೋಷ" ಎಂದೆ. ಬುಟ್ಟಿಯನ್ನು ತಲೆಯಿಂದ ಇಳಿಸಿದೆ. ಜಲ್ಲಿಯನ್ನು ಅವರ ಜಮಖಾನದ ಮೇಲೆ ಸುರಿದೆ. ನಂಜಮ್ಮ ಬಂದು ಜಮಖಾನದ ಒಂದು ಮೂಲೆ ಹಿಡಿದಳು, ನಾನು ಒಂದು ಮೂಲೆ ಹಿಡಿದೆ, ಜಲ್ಲಿ ಸಮೇತ ಎಳೆದು ಬಿಸಾಕಿದೆವು. ಹಲಗೆಗಳನ್ನು ಗಂಡಸರು ಎತ್ತಿದರು. ಕಲೆ ಅಲ್ಲೇ ಇತ್ತು. ಮಂತ್ರಿ ನೋಡಿದರು, ಫೋಟೋದವನು ನೋಡಿದ, ಎಲ್ಲರೂ ನೋಡಿದರು. ನಾನು ಬುಟ್ಟಿಯನ್ನು ಅದರ ಮೇಲೆ ಬೋರಲು ಹಾಕಿದೆ. ಹಾರ ಇನ್ನೂ ಅದಕ್ಕೆ ಸುತ್ತಿಕೊಂಡಿತ್ತು.

ಪೊಲೀಸಿನವನೊಬ್ಬ ಬಂದು ಬೂಟುಗಾಲಿನಲ್ಲಿ ಒದ್ದ. ಬುಟ್ಟಿ ಉರುಳಿಕೊಂಡು ಚರಂಡಿಗೆ ಹೋಯಿತು.

ಅತ್ತೆ ತಡಕಾಡಿಕೊಂಡು ಬಂದು ತನ್ನ ಬುಟ್ಟಿ ಬೋರಲು ಹಾಕಿದಳು. ಅದನ್ನೂ ಒದ್ದ. ಆಗ ಹಿರಿಯಣ್ಣ ಮಾವ ಎದ್ದರು. ಹಟ್ಟಿಯ ಹಸಿವು ನೋಡಲಾಗುತ್ತಿಲ್ಲ ಎಂದವರು, ಬಂದು ತಮ್ಮ ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಎರಡೂ ಕೈ ಊರಿ ಕೂತರು. ನಂಜಮ್ಮ ಹಾಕಿದಳು. ಅವಳ ಹಿಂದಿನವರು ಹಾಕಿದರು. ಭದ್ರಾವತಿಯ ಕಡೆಯಿಂದ ಜೈ ಅನ್ನಲು ತಂದಿದ್ದ ತಮಿಳು ಕೂಲಿಯವರು ಎದ್ದು ಬಂದರು, ಆ ವಯಸ್ಸಾದ ಹೆಂಗಸೇ ಮುಂದೆ. ಅವಳ ಹತ್ತಿರ ಬುಟ್ಟಿ ಇರಲಿಲ್ಲ. ಭಾರ ಹೊರಲು ತಲೆಗೆ ಸುತ್ತಿದ್ದ ಬಟ್ಟೆಯ ಸಿಂಬೆಯನ್ನೇ ತೆಗೆದು ಇಟ್ಟಳು. ಒಂದು ಗಾಡಿ ಉದ್ದದ ಜಾಗ ಬೋರಲು ಬುಟ್ಟಿಗಳಿಂದ ತುಂಬಿಹೋಯಿತು.

ಲಾಠಿ ಬಿತ್ತು. ನನ್ನ ಮೊಣಕೈ ಮುರಿಯಿತು, ಈಗಲೂ ಸರಿಯಾಗಿ ಮಡಚಲು ಬರುವುದಿಲ್ಲ. ನಮ್ಮನ್ನು ಲಾರಿಗೆ ಎತ್ತಿ ಹಾಕಿದರು. ಅವತ್ತು ಲಾರಿ ಇತ್ತು. ಅದೇ ಲಾರಿ. ಮಂತ್ರಿಗಳ ಕಾರು ಬಂದ ದಾರಿಯಲ್ಲೇ ವಾಪಸ್ ಹೋಯಿತು. ರಿಬ್ಬನ್ ಕತ್ತರಿಸದೆ ಗಾಳಿಗೆ ಹಾರಾಡುತ್ತಿದ್ದದ್ದನ್ನು ಲಾರಿಯ ಮೇಲಿಂದ ನೋಡಿದೆ.

ಠಾಣೆಯಿಂದ ಬಿಟ್ಟ ಮೇಲೆ ಮಳೆ ಶುರುವಾಯಿತು. ಆ ಜಾಗದ ಮಣ್ಣು ಕುಸಿದು ಗುಂಡಿ ಬಿತ್ತು. ಈಗ ಮತ್ತೆ ಜಗಳ. ಗುಂಡಿ ಇರುವುದು ಭದ್ರಾವತಿಯ ಹದ್ದಿನಲ್ಲಿ ಎಂದು ಏಕಾಂತಪ್ಪನವರು, ಶಿವಮೊಗ್ಗದ ಹದ್ದಿನಲ್ಲಿ ಎಂದು ಪರಮೇಶ್ವರಪ್ಪನವರು. ಇದು ನನ್ನ ಮಗು ಎಂದು ಇಬ್ಬರೂ ಅನ್ನುವುದಿಲ್ಲ. ಪರಮೇಶ್ವರಪ್ಪನವರ ಬಸ್ಸುಗಳೇ ಅಲ್ಲಿ ಬಂದು ನಿಂತು, ಅತ್ತ ಇತ್ತ ಹೊಯ್ದಾಡಿ, ನಿಧಾನವಾಗಿ ಇಳಿದು ಏರುತ್ತವೆ. ಅವರ ಕಂಡಕ್ಟರುಗಳೇ ಒಳಗಿದ್ದವರಿಗೆ ಹೇಳುತ್ತಾರೆ, ಗಟ್ಟಿಯಾಗಿ ಹಿಡ್ಕೊಳ್ರಿ, ರಂಗಪ್ಪನ ಗುಂಡಿ ಬಂತು. ಯಾರು ಆ ಹೆಸರು ಇಟ್ಟರೋ ಗೊತ್ತಿಲ್ಲ. ನಾವು ಇಟ್ಟದ್ದಲ್ಲ.

ನಮ್ಮವರು ಈಗ ಊರೂರು ಅಲೆದು ಮನೆ ಕಟ್ಟುವವರಿಗೆ ಕಲ್ಲು ಒಡೆಯುತ್ತಾರೆ. ಹೊಟ್ಟೆಗೆ ಅರ್ಧ. ಅದನ್ನು ಮುಚ್ಚಿಡುವುದಿಲ್ಲ. ಮೊನ್ನೆ ವೀರಪ್ಪ ಮತ್ತೆ ಬಂದಿದ್ದ. ಕೊಡೆ ಹಿಡಿದುಕೊಂಡು ಬಾಗಿಲಲ್ಲಿ ನಿಂತ. ಅವನ ಧಣಿ ಬೈದು ಕಳಿಸಿರಬೇಕು, ಮುಖ ಇಳಿದುಹೋಗಿತ್ತು.

"ಒಂದೇ ಒಂದು ಬುಟ್ಟಿ ಹಾಕು ಮಾರಾಯ್ತಿ. ಚುನಾವಣೆ ಬಂತು. ಜನ ಆ ಗುಂಡಿ ಹೆಸರು ಹೇಳಿ ಹೇಳಿ ನಮ್ಮ ಸಾವ್ಕಾರ್ರ ಮಾನ ಕಳೀತಿದಾರೆ. ನಿಂಗೆ ಏನು ಬೇಕು ಹೇಳು."

"ಏನು ಬೇಕು ಅಂತ ಆವತ್ತೇ ಹೇಳಿದೀನಿ."

"ಅದೊಂದು ಬಿಟ್ಟು ಬೇರೆ ಏನಾದ್ರೂ ಕೇಳು."

ಅತ್ತೆ ಒಳಗಿನಿಂದ ಕೇಳಿದಳು. "ಯಾರೇ ಅದು ಬಂಗಾರೀ?"

"ಯಾರೂ ಇಲ್ಲ ಅತ್ತೆ, ಮೇಸ್ತ್ರಿ" ಎಂದೆ. ಅವನಿಗೆ ಹೇಳಿದೆ. "ನಿಮ್ಮ ಸಾವ್ಕಾರ್ರು ಆ ಗುಂಡಿ ಹತ್ರ ಬರ್ಲಿ. ಬಸ್ಸಿನೋರೆಲ್ಲ ದಿನಾ ಕರೆಯೋ ಹೆಸರನ್ನ ಒಂದು ಸಲ ಬಾಯಿಬಿಟ್ಟು ಕರೀಲಿ. ಬುಟ್ಟಿ ನನ್ನ ಹತ್ರ ಐತೆ."

ಅವನು ಹೋದ. ಚರಂಡಿಯಿಂದ ಹೆಕ್ಕಿ ತಂದ ಆ ಬುಟ್ಟಿ ನಮ್ಮ ಬಾಗಿಲ ಪಕ್ಕದಲ್ಲೇ ಇದೆ, ಬೋರಲಾಗಿ. ಮಳೆಯ ನೀರು ಅದರ ಮೇಲೆ ಬಿದ್ದು ಜಾರಿ ಹೋಗುತ್ತದೆ.